ನಕ್ಷತ್ರಮ್ಮ ಮತ್ತು ಹದಿನಾಲ್ಕನೇ ಬ್ಯಾಂಕು

ಮೂರನೇ ಮಹಡಿಯ ಅಂಕಿಅಂಶ ವಿಭಾಗದಲ್ಲಿ, ಕಿಟಕಿಯ ಪಕ್ಕದ ಮೇಜಿಗೆ ಅಂಟಿಕೊಂಡಂತೆ ಮೂವತ್ತೊಂದು ವರ್ಷ ಕೂತಿದ್ದ ಆ ಹೆಂಗಸಿಗೂ ಹೆತ್ತವರು ಇಟ್ಟ ಹೆಸರೊಂದಿತ್ತು. ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಕ್ಯಾಂಟೀನಿನವನಿಂದ ಹಿಡಿದು ಲಿಫ್ಟಿನವನ ತನಕ ಎಲ್ಲರಿಗೂ ಅವಳು ನಕ್ಷತ್ರಮ್ಮ.

ಹೆಸರು ಬಂದದ್ದು ಅವಳ ಕೆಲಸದಿಂದ. ಅದು ದೇಶದ ಬ್ಯಾಂಕುಗಳಿಗೆಲ್ಲ ಹಿರಿಯಣ್ಣನಂಥ ಬ್ಯಾಂಕು. ಮಿಕ್ಕ ಬ್ಯಾಂಕುಗಳು ತಾವು ಯಾರಿಗೆ ಎಷ್ಟು ಸಾಲ ಕೊಟ್ಟಿದ್ದೇವೆಂದು ತಿಂಗಳು ತಿಂಗಳೂ ಅಲ್ಲಿಗೆ ಪಟ್ಟಿ ಕಳಿಸಬೇಕು. ಸರ್ಕಾರಕ್ಕೆ ಕೊಟ್ಟದ್ದರಲ್ಲಿ ಸರ್ಕಾರ ಬ್ಯಾಂಕಿನಲ್ಲೇ ಇಟ್ಟಿರುವ ಹಣವನ್ನು ಕಳೆದು ಉಳಿದದ್ದು, ಸರ್ಕಾರಿ ಕಾರ್ಖಾನೆಗಳಿಗೆ ಕೊಟ್ಟದ್ದು, ಅಂಗಡಿಯವರಿಗೆ, ಮನೆಮಂದಿಗೆ ಕೊಟ್ಟದ್ದು, ಇಷ್ಟನ್ನೂ ಕೂಡಿದರೆ ಒಂದು ಸಂಖ್ಯೆ ಬರುತ್ತದೆ. ಕಾಗದದ ಮೇಲೆ ಅದರ ಹೆಸರು ನಿವ್ವಳ ದೇಶೀಯ ಸಾಲ. ವಿಭಾಗದವರ ಬಾಯಲ್ಲಿ ಬರೀ ‘ಸಾಲದ ಸಾಲು’. ಇಡೀ ದೇಶ ತನ್ನೊಳಗೆ ತಾನೇ ಎಷ್ಟು ಸಾಲ ಮಾಡಿಕೊಂಡಿದೆ ಎನ್ನುವ ಆ ಒಂದು ಸಾಲನ್ನು ಬರೆಯುವುದಷ್ಟೇ ಅವಳ ನೌಕರಿ.

ಪಟ್ಟಿ ಎಲ್ಲ ಬ್ಯಾಂಕುಗಳಿಂದಲೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಬರದಿದ್ದರೆ ಖಾಲಿ ಬಿಡುವಂತಿಲ್ಲ. ಖಾಲಿ ಬಿಟ್ಟರೆ ಮೊತ್ತ ಕುಸಿದು, ದೇಶದ ಜನ ಒಂದೇ ತಿಂಗಳಲ್ಲಿ ಸಾಲವೆಲ್ಲ ತೀರಿಸಿಬಿಟ್ಟರು ಎಂದಾಗುತ್ತದೆ. ಹಾಗಾಗಿ ಅಲ್ಲಿಯದೊಂದು ಕಟ್ಟಳೆ: ಬಾರದ ಬ್ಯಾಂಕಿಗೆ ಹಿಂದಿನ ತಿಂಗಳ ಸಂಖ್ಯೆಯನ್ನೇ ಮತ್ತೆ ಬರೆದು, ಪಕ್ಕದಲ್ಲೊಂದು ಪುಟ್ಟ ನಕ್ಷತ್ರ ಹಾಕುವುದು. ಇದು ಇನ್ನೂ ಖಾತ್ರಿಯಲ್ಲ ಎಂದು ಅದರ ಅರ್ಥ. ಪಟ್ಟಿ ಬಂದ ಮೇಲೆ ಸರಿಯಾದ ಸಂಖ್ಯೆ ಬರೆದು ನಕ್ಷತ್ರ ತೆಗೆಯುವುದು. ಅವಳ ನಕ್ಷತ್ರಗಳು ಎಷ್ಟು ಅಚ್ಚುಕಟ್ಟೆಂದರೆ ಅಚ್ಚಿನವರೇ ಮೆಚ್ಚುತ್ತಿದ್ದರು.

“ನಿಮ್ಮ ಲೆಕ್ಕಕ್ಕೆ ನಾನೂ ಒಂದು ಹಾಕ್ಲಾ ನಕ್ಷತ್ರಮ್ಮ? ಹೋದ ತಿಂಗಳದ್ದೇ ಇನ್ನೂ ಬಂದಿಲ್ಲ,” ಎಂದು ಕ್ಯಾಂಟೀನಿನವನು ಟೀ ಲೋಟ ಕುಕ್ಕುತ್ತ ಛೇಡಿಸುವನು.

“ಹಾಕಪ್ಪಾ. ಬಂದ ಮೇಲೆ ಅಳಿಸೋದು ಮರೀಬೇಡ,” ಎಂದು ಅವಳು ತಲೆ ಎತ್ತದೆ ಹೇಳುವಳು.

ನಿಜವಾಗಿ ನೋಡಿದರೆ ನಕ್ಷತ್ರ ಹಾಕಬೇಕಾದದ್ದು ಅವಳ ನೌಕರಿಗೇ. ಇಪ್ಪತ್ತಾರನೇ ವಯಸ್ಸಿಗೆ ಸೇರಿದಾಗ ಕೊಟ್ಟ ಪತ್ರದಲ್ಲಿ ‘ಹಂಗಾಮಿ, ಮುಂದಿನ ಆದೇಶದವರೆಗೆ’ ಎಂದಿತ್ತು. ಮುಂದಿನ ಆದೇಶ ಮೂವತ್ತೊಂದು ವರ್ಷವಾದರೂ ಬರಲಿಲ್ಲ. ಹಂಗಾಮಿಯವರು ಸತತ ಒಂದು ವರ್ಷ ದುಡಿದರೆ ಕಾಯಂ ಮಾಡಬೇಕೆಂಬ ಕಾನೂನು ಇದ್ದದ್ದರಿಂದ, ಹನ್ನೊಂದು ತಿಂಗಳಿಗೊಮ್ಮೆ ಅವಳನ್ನು ಒಂದು ದಿನದ ಮಟ್ಟಿಗೆ ಕೆಲಸದಿಂದ ತೆಗೆದು, ಮರುದಿನ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಆ ಒಂದು ದಿನಕ್ಕೆ ಸಂಬಳವಿಲ್ಲ, ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಕೆಂಪು ಗೆರೆ. ಆದರೂ ಅವಳು ಬರುತ್ತಿದ್ದಳು. ತಾನು ಬರದಿದ್ದರೆ ಸಾಲು ನಿಂತುಹೋಗುತ್ತದೆಂಬ ಭ್ರಮೆ ಅವಳಿಗೆ ಮೊದಲ ವರ್ಷವೇ ಹತ್ತಿ, ಆಮೇಲೆ ಚಟವಾಗಿತ್ತು.

“ಇವತ್ತು ನೀವು ಇಲ್ಲ ಅಲ್ವಾ ಅಮ್ಮ?” ಎಂದು ಗೇಟಿನ ಕಾವಲುಗಾರ ಕೇಳುವನು.

“ಇಲ್ಲ ಕಣಪ್ಪಾ, ನಾನಿಲ್ಲ,” ಎನ್ನುತ್ತ ಅವಳು ಮೆಟ್ಟಿಲು ಹತ್ತುವಳು. ಹೀಗೆ ಮೂವತ್ತಮೂರು ಸಲ.

ಅವಳ ಗಂಡ ನೇಕಾರರ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದ. ಅವಳ ಪಟ್ಟಿಯಲ್ಲಿ ಅದು ಹದಿನಾಲ್ಕನೇ ಬ್ಯಾಂಕು. ಅವಳು ಸೇರಿದ ಒಂಬತ್ತನೇ ವರ್ಷ, ಒಂದು ಸೋಮವಾರ ಅವನು ಊಟದ ಡಬ್ಬಿ ಹಿಡಿದು ಹೋದಾಗ ಬ್ಯಾಂಕಿನ ಶಟರ್ ಎಳೆದಿತ್ತು. ಶಟರಿನ ಮೇಲೆ ಒಂದು ಚೀಟಿಯೂ ಇರಲಿಲ್ಲ. ಕೊಟ್ಟ ಸಾಲ ವಾಪಸು ಬಾರದೆ ಬ್ಯಾಂಕು ಒಳಗೊಳಗೇ ಟೊಳ್ಳಾಗಿತ್ತಂತೆ. ಮುಂದಿನ ನಾಲ್ಕು ತಿಂಗಳು ಅವನು ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅದೇ ಡಬ್ಬಿ ಹಿಡಿದು ಆ ಶಟರಿನ ಮುಂದೆ ಹೋಗಿ ನಿಂತು, ಸಂಜೆ ಬರುತ್ತಿದ್ದ. ಐದನೇ ತಿಂಗಳು ಹೋಗುವುದನ್ನು ಬಿಟ್ಟ. ಎರಡನೇ ವರ್ಷ, ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದ ಹಾಗೇ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಮಗಳಿಗೆ ಆಗ ಎಂಟು ವರ್ಷ.

ಶಟರ್ ಎಳೆದ ತಿಂಗಳು ಹದಿನಾಲ್ಕನೇ ಬ್ಯಾಂಕಿನ ಪಟ್ಟಿ ಬರಲಿಲ್ಲ. ಅವಳು ತನ್ನ ಮೇಲಿನ ಅಧಿಕಾರಿಯ ಹತ್ತಿರ ಹೋಗಿ, “ಸಾರ್, ಆ ಬ್ಯಾಂಕು ಮುಚ್ಚಿದೆ. ನಮ್ಮ ಮನೆಯವರು ಅಲ್ಲೇ ಇದ್ದದ್ದು. ಸಾಲಿನಿಂದ ತೆಗೀಲಾ?” ಎಂದು ಕೇಳಿದಳು.

ಆಗ ಅವನಿನ್ನೂ ಚಿಕ್ಕ ಅಧಿಕಾರಿ, ತಲೆ ತುಂಬ ಕೂದಲಿತ್ತು. “ಮುಚ್ಚಿದೆ ಅಂತ ಗೆಜೆಟ್‌ನಲ್ಲಿ ಬಂದಿದೆಯಾ?” ಎಂದ.

“ಇಲ್ಲ ಸಾರ್.”

“ಹಾಗಾದ್ರೆ ಮುಚ್ಚಿಲ್ಲ. ಪಟ್ಟಿ ಬಂದಿಲ್ಲ ಅಷ್ಟೆ. ಬಾರದ ಬ್ಯಾಂಕಿಗೆ ಏನು ಮಾಡ್ತೀರೋ ಅದೇ ಮಾಡಿ.”

“ಅಲ್ಲ ಸಾರ್, ನಾನು ಕಣ್ಣಾರೆ...”

“ನಿಮ್ಮ ಕಣ್ಣು ಗೆಜೆಟ್ ಅಲ್ಲಮ್ಮ.”

ಅವಳು ಹೆದರುಪುಕ್ಕಲಿಯಾದರೂ ಪೆದ್ದಿಯಲ್ಲ. ನಕ್ಷತ್ರ ಹಾಕಿದ್ದಕ್ಕೆಲ್ಲ ಕಾರಣ ಬರೆದಿಡುವ ನೀಲಿ ರಟ್ಟಿನ ನೋಟುಬುಕ್ಕೊಂದು ಅವಳ ಹತ್ತಿರವಿತ್ತು. ಅದನ್ನು ಮುಂದಿಟ್ಟು, “ಇಲ್ಲೊಂದು ಮಾತು ಬರೆದುಬಿಡಿ ಸಾರ್,” ಎಂದಳು. ಅವನು ಮೂಗು ಮುರಿಯುತ್ತಲೇ ‘ಮುಂದುವರಿಸಿ’ ಎಂದು ಗೀಚಿ, ಕೆಳಗೆ ಸಹಿ ಮಾಡಿದ.

ಹದಿನಾಲ್ಕನೇ ಬ್ಯಾಂಕಿನ ಕೊನೆಯ ಸಂಖ್ಯೆ, ಲಕ್ಷಗಳಲ್ಲಿ, 41,306. ಅದನ್ನು ಅವಳು ಮುಂದುವರಿಸಿದಳು. ಗಂಡ ಶಟರ್ ಕಾಯುತ್ತಿದ್ದಾಗ 41,306, ನಕ್ಷತ್ರ. ಗಂಡ ಸತ್ತ ತಿಂಗಳು 41,306, ನಕ್ಷತ್ರ. ಹನ್ನೊಂದು ವರ್ಷ, ನೂರಮೂವತ್ತೆರಡು ತಿಂಗಳು, ಯಾರೂ ಕೊಡದ, ಯಾರೂ ತೀರಿಸದ ಸಾಲವೊಂದು ದೇಶದ ಲೆಕ್ಕದಲ್ಲಿ ಕೊಳೆಯದೆ ಕೂತಿತ್ತು. ಹನ್ನೆರಡನೇ ವರ್ಷ ಗೆಜೆಟ್ ಬಂತು. ಅವಳು ಆ ವರ್ಷದಿಂದ ಹದಿನಾಲ್ಕನೇ ಬ್ಯಾಂಕನ್ನು ತೆಗೆದುಹಾಕಿದಳು. ಮುಗಿದುಹೋದ ವರ್ಷಗಳನ್ನು ಮುಟ್ಟಬಾರದೆಂಬ ನಿಯಮವಿದ್ದದ್ದರಿಂದ ಹಿಂದಿನ ಹನ್ನೊಂದು ವರ್ಷ ಹಾಗೇ ಉಳಿದವು. ನಕ್ಷತ್ರವಿದೆಯಲ್ಲ, ಕಣ್ಣಿದ್ದವರಿಗೆ ಕಾಣುತ್ತದೆ ಎಂದು ಸಮಾಧಾನ ಮಾಡಿಕೊಂಡಳು.

ಸಾಲು ಮಾತ್ರ ಬೆಳೆಯುತ್ತ ಹೋಯಿತು. ಅವಳು ಸೇರಿದ ಹೊಸದರಲ್ಲಿ ಅದರ ಮುಕ್ಕಾಲು ಪಾಲು ಸರ್ಕಾರದ ಸಾಲವೇ: ರಸ್ತೆ, ಅಣೆಕಟ್ಟು, ಸಿಪಾಯಿಗಳ ಬೂಟು. ಆಮೇಲೆ ಸರ್ಕಾರಿ ಕಾರ್ಖಾನೆಗಳು ಬಾಯಿ ತೆರೆದವು. ಅವು ಒಂದೊಂದಾಗಿ ಕಣ್ಣು ಮುಚ್ಚಿದ ಮೇಲೆ ಮನೆಮಂದಿಯ ಸರದಿ ಬಂತು: ಬೈಕು, ಫ್ರಿಜ್ಜು, ಮೊಬೈಲು, ಕಾಲೇಜು ಫೀಸು, ಆಸ್ಪತ್ರೆ ಬಿಲ್ಲು. ಆರಂಕಿಯಿದ್ದದ್ದು ಏಳಂಕಿಯಾಯಿತು. ಮಗಳಿಗೆಂದು ಕಂತಿನ ಮೇಲೆ ಹೊಲಿಗೆ ಯಂತ್ರ ತಂದ ವರ್ಷ, ಆ ಏಳಂಕಿಯೊಳಗೆ ಎಲ್ಲೋ ತನ್ನದೂ ಒಂದು ಚೂರಿದೆಯೆಂದು ಅವಳು ಒಬ್ಬಳೇ ನಕ್ಕಿದ್ದಳು. ಮಗುವನ್ನು ಗೋಡೆಗೆ ನಿಲ್ಲಿಸಿ ಎತ್ತರಕ್ಕೆ ಗೀಟು ಹಾಕುವ ತಾಯಿಯ ಹಾಗೆ, ಆ ಸಾಲಿಗೆ ಅವಳದು ವರ್ಷಕ್ಕೊಂದು ಗೀಟು.

ಆರು ವರ್ಷದ ಹಿಂದೆ ಹಳೆಯ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಲು ಒಬ್ಬ ಹುಡುಗಿಯನ್ನು ತಂದರು. ಅವಳೂ ಹಂಗಾಮಿಯೇ. ಎಲ್ಲರೂ ಅವಳನ್ನು ಕಂಪ್ಯೂಟರ್ ಹುಡುಗಿ ಎನ್ನುತ್ತಿದ್ದರು. ಬಂದ ವಾರವೇ ಅವಳು ನಕ್ಷತ್ರಮ್ಮನ ಮೇಜಿಗೆ ಬಂದು, “ಅಕ್ಕಾ, ಈ ನಕ್ಷತ್ರ ಇದ್ರೆ ಮಷೀನು ಕೂಡಲ್ಲ ಅಂತಿದೆ. ತೆಗೆದುಬಿಡ್ಲಾ?” ಎಂದಳು.

“ತೆಗೆದ್ರೆ ಸುಳ್ಳಾಗತ್ತೆ ಕಣೇ.”

“ಬೇರೆ ಕಾಲಮ್ಮಲ್ಲಿ ಹಾಕಿಡ್ತೀನಿ.”

ಹಾಕಿಯೂ ಇಟ್ಟಳು. ಮರುವರ್ಷ ಮುಖ್ಯಸ್ಥ, ಅದೇ ‘ಮುಂದುವರಿಸಿ’ ಎಂದು ಬರೆದವನು, ಈಗ ತಲೆ ನುಣ್ಣಗಾಗಿ ದೊಡ್ಡ ಕುರ್ಚಿಗೆ ಏರಿದ್ದವನು, “ಈ ಕಾಲಮ್ಮು ಯಾಕೆ, ಬರೀ ಕಸ,” ಎಂದು ಅಳಿಸಿಹಾಕಿಸಿದ. ನೀಲಿ ನೋಟುಬುಕ್ಕಿನ ಆ ಪುಟವನ್ನು ನಕ್ಷತ್ರಮ್ಮ ಹುಡುಗಿಗೆ ತೋರಿಸಿ, “ನೋಡ್ಕೋ. ನಾಳೆ ಯಾರಾದ್ರೂ ಕೇಳಿದ್ರೆ ನೀನೂ ನೋಡಿದ್ದೆ ಅಂತಿರಲಿ,” ಎಂದಿದ್ದಳು. ಆ ಹುಡುಗಿಗೆ ಮಗುವಾಗಿ, ಮೂರೇ ತಿಂಗಳಿಗೆ ಕೆಲಸಕ್ಕೆ ಮರಳಿದಾಗ, ಹಾಲು ಕಟ್ಟಿ ಅಂಗಿ ಒದ್ದೆಯಾದ ದಿನಗಳಲ್ಲಿ ಅವಳನ್ನು ಕಡತದ ಕೋಣೆಗೆ ಕಳಿಸಿ ಬಾಗಿಲಿಗೆ ತಾನೇ ಕಾವಲು ನಿಂತವಳೂ ನಕ್ಷತ್ರಮ್ಮನೇ. ಸಹಿ ಮಾಡಿದ ಕಡೆ ತಾರೀಖು ಹಾಕುವುದನ್ನು ಕಲಿಸಿದವಳೂ ಅವಳೇ. “ತಾರೀಖಿಲ್ಲದ ಸಹಿ ಸಹಿ ಅಲ್ಲ, ಗೀಚು,” ಎನ್ನುತ್ತಿದ್ದಳು.

ಐವತ್ತೆಂಟು ತುಂಬಲು ಏಳು ವಾರ ಉಳಿದಿದ್ದಾಗ ಮುಖ್ಯಸ್ಥ ಅವಳನ್ನು ಕರೆಸಿದ. ಐವತ್ತೆಂಟಕ್ಕೆ ಮುಂಚೆ ಕಾಯಂ ಆದರೆ ಪಿಂಚಣಿಯುಂಟು, ಆಗದಿದ್ದರೆ ಬರಿಗೈ. ಇದು ಇಬ್ಬರಿಗೂ ಗೊತ್ತಿತ್ತು. ಅವನ ಬೆನ್ನ ಹಿಂದೆ ಗೋಡೆಯ ಮೇಲೆ ಗಾಜು ಹಾಕಿಸಿದ ಒಂದು ನಕ್ಷೆ: ನಲವತ್ತು ವರ್ಷದ ಸಾಲದ ಗೆರೆ. ಎಡಗಡೆ ಕೆಳಗಿಂದ ಬಲಗಡೆ ಮೇಲಕ್ಕೆ ಒಮ್ಮೆಯೂ ತಲೆ ತಗ್ಗಿಸದೆ ಏರಿತ್ತು. ಅವನು ದೊಡ್ಡ ಮನುಷ್ಯನಾದದ್ದೇ ಆ ಗೆರೆಯಿಂದ. ಯಾವ ಸಭೆಗೆ ಹೋದರೂ, ‘ಬಡದೇಶ ನಿಜ, ಆದರೆ ನಮ್ಮ ಗೆರೆ ಒಂದು ವರ್ಷವೂ ಬಗ್ಗಿಲ್ಲ’ ಎನ್ನುತ್ತಿದ್ದ.

“ಕೂತ್ಕೊಳ್ಳಿ ಅಮ್ಮ,” ಎಂದ. ಮೂವತ್ತೊಂದು ವರ್ಷದಲ್ಲಿ ಅವಳು ಆ ಕೋಣೆಯಲ್ಲಿ ಕೂತದ್ದು ಅದೇ ಮೊದಲು. ಮೇಜಿನ ಮೇಲೆ ಎರಡು ಕಟ್ಟುಗಳಿದ್ದವು. ಒಂದು, ನಲವತ್ತು ವರ್ಷದ ಲೆಕ್ಕವನ್ನೆಲ್ಲ ಒಟ್ಟಿಗೆ ಅಚ್ಚು ಹಾಕಿಸಲಿದ್ದ ಸಂಪುಟದ ಇಪ್ಪತ್ತು ಹಾಳೆ. ಇನ್ನೊಂದು, ಅವಳನ್ನು ಕಾಯಂ ಮಾಡುವ ಫೈಲು.

“ಮುಂದಿನ ತಿಂಗಳು ಹೊರಗಿಂದ ಪರಿಶೀಲಕರು ಬರ್ತಾರೆ. ಸಂಪುಟ ಅಷ್ಟರಲ್ಲಿ ತಯಾರಿರಬೇಕು. ಒಂದೊಂದು ಹಾಳೆಗೂ ‘ಪರಿಶೀಲಿಸಿದೆ, ಸರಿಯಿದೆ’ ಅಂತ ಬರೆದು ನಿಮ್ಮ ಸಹಿ ಹಾಕಿಕೊಡಿ. ನನ್ನ ಸಹಿ ಈ ಫೈಲಿಗೆ.”

ಅವಳಿಗೆ ಅರ್ಥವಾಯಿತು. ಆದರೂ ಕೇಳಿದಳು, “ಹದಿನಾಲ್ಕನೇ ಬ್ಯಾಂಕಿನ ಹನ್ನೊಂದು ವರ್ಷ ಸಾರ್... ಒಂದು ಅಡಿಟಿಪ್ಪಣಿ ಹಾಕಿಬಿಡೋಣ. ಅದನ್ನ ತೆಗೆದ್ರೆ ಆ ಮೊದಲನೇ ವರ್ಷ ಗೆರೆ ಸ್ವಲ್ಪ ಬಗ್ಗತ್ತೆ, ಅಷ್ಟೆ. ಅದರ ಹಿಂದಿನ ವರ್ಷದ ಒಂಬತ್ತು ಲಕ್ಷದ ಅರವತ್ತೆರಡು ಸಾವಿರದಿಂದ ಒಂಬತ್ತು ಲಕ್ಷದ ನಲವತ್ತೇಳಕ್ಕೆ ಇಳಿಯತ್ತೆ.”

“ನೀವು ಬಾಯಿಪಾಠ ಮಾಡಿದೀರಿ,” ಎಂದು ಅವನು ನಕ್ಕ. “ಆ ನೀಲಿ ನೋಟುಬುಕ್ಕು ಇನ್ನೂ ಇದೆಯಾ?”

“ಇದೆ ಸಾರ್.”

“ಹಾಳೆಗಳ ಜತೆ ಅದನ್ನೂ ತಂದುಕೊಡಿ. ನಿಮ್ಮ ಮಗಳು ಮನೇಲೇ ಇದ್ದಾಳಂತೆ? ಮಗು ಬೇರೆ. ಯೋಚನೆ ಮಾಡಿ ಅಮ್ಮ, ಬಲವಂತ ಇಲ್ಲ.”

ಮನೆಯೆಂದರೆ ಎರಡು ಕೋಣೆ, ಗೋಡೆಗೊರಗಿಸಿಟ್ಟ ಹೊಲಿಗೆ ಯಂತ್ರ, ಹಗ್ಗದ ತುಂಬ ಒಣಗದ ಮಗುವಿನ ಬಟ್ಟೆ. ಹೆರಿಗೆಗೆ ಬಂದ ಮಗಳು ಏಳು ತಿಂಗಳಾದರೂ ವಾಪಸು ಹೋಗಿರಲಿಲ್ಲ. ಕೆಲಸ ಸಿಕ್ಕ ಕೂಡಲೇ ಕರೆಸಿಕೊಳ್ಳುತ್ತೇನೆ ಎಂದು ಅಳಿಯ ಮಾಡುತ್ತಿದ್ದ ಫೋನೂ ಈಚೆಗೆ ಬರುತ್ತಿರಲಿಲ್ಲ. ಆ ಸಂಜೆ ಮಗಳು ಹಾಲಿನ ಪುಡಿಯ ಡಬ್ಬಿಯನ್ನು ಬೋರಲು ಹಾಕಿ ತಟ್ಟಿ, ತಳದ್ದನ್ನು ಚಮಚಕ್ಕೆ ಉದುರಿಸುತ್ತಿದ್ದಳು.

ತಾಯಿ ವಿಷಯ ಹೇಳಿದಾಗ ಮಗಳು ಚಮಚ ಕುಕ್ಕಿದಳು. “ಯೋಚನೆ ಮಾಡ್ಬೇಕಾ ಇದಕ್ಕೆ? ಅಮ್ಮಾ, ನಿನಗೇನು ತಲೆ ಕೆಟ್ಟಿದೆಯಾ?”

“ಅದು ಸುಳ್ಳು ಕಣೇ. ಸತ್ತ ಬ್ಯಾಂಕು.”

“ಸತ್ತಿದ್ದು ಬ್ಯಾಂಕೊಂದೇ ಅಲ್ಲ, ಅಪ್ಪನೂ ಸತ್ತ. ಅವನು ಸತ್ತಾಗ ಆ ಬ್ಯಾಂಕು ಏನು ಕೊಡ್ತು? ಅಪ್ಪ ಸತ್ತ ತಿಂಗಳೂ ನೀನೇ ತಾನೇ ಆ ಸುಳ್ಳು ಬರೆದಿದ್ದು? ಅವತ್ತಿಲ್ಲದ ಮಡಿ ಇವತ್ತು ಎಲ್ಲಿಂದ ಬಂತು?”

“ಅವತ್ತು ನಕ್ಷತ್ರ ಹಾಕಿದ್ದೆ.”

“ನಕ್ಷತ್ರ!” ಎಂದು ಮಗಳು ಮಗುವನ್ನು ಎತ್ತಿ ತಾಯಿಯ ಮಡಿಲಿಗೆ ಹಾಕಿದಳು. “ತಗೋ, ಇದರ ಬಾಯಿಗೂ ಒಂದು ನಕ್ಷತ್ರ ಹಾಕು. ಹೊಟ್ಟೆ ತುಂಬತ್ತೇನೋ ನೋಡೋಣ.”

ಮಗು ಅಜ್ಜಿಯ ಹೆಬ್ಬೆರಳನ್ನು ಹಿಡಿದು ಬಾಯಿಗೆ ಹಾಕಿಕೊಂಡು ಚೀಪಿತು. ಮಸಿಯ ರುಚಿಗೆ ಮುಖ ಕಿವುಚಿ, ಮತ್ತೆ ಚೀಪಿತು.

ಗುರುವಾರ ಬೆಳಿಗ್ಗೆ ಅವಳು ಕಚೇರಿಗೆ ಹೋದಾಗ ಗೇಟಿನವನು, “ಇವತ್ತು ನೀವು ಇಲ್ಲ ಅಲ್ವಾ ಅಮ್ಮ?” ಎಂದ. ಹೌದಲ್ಲ, ಹನ್ನೊಂದು ತಿಂಗಳಾಯಿತು. “ಇಲ್ಲಪ್ಪಾ, ನಾನಿಲ್ಲ,” ಎಂದು ಹತ್ತಿದಳು. ಮೇಜಿಗೆ ಕೂತು ಇಪ್ಪತ್ತು ಹಾಳೆಗಳಿಗೂ ‘ಪರಿಶೀಲಿಸಿದೆ, ಸರಿಯಿದೆ’ ಎಂದು ಬರೆದು ಸಹಿ ಹಾಕಿದಳು. ಪ್ರತಿ ಸಹಿಯ ಕೆಳಗೆ ತಾರೀಖು. ಅಂದು ತಾನು ನೌಕರಿಯಲ್ಲಿಲ್ಲವೆಂದು ಅವಳಿಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಮೂವತ್ತೊಂದು ವರ್ಷದ ಕೈ, ಸಹಿ ಆದ ಕೂಡಲೇ ತಾರೀಖು ಹಾಕುವ ಕೈ.

ನೋಟುಬುಕ್ಕನ್ನೂ ಕೊಟ್ಟಳು. ಮುಖ್ಯಸ್ಥ ಮೊದಲು ಹಾಳೆಗಳನ್ನು ನೋಡಲಿಲ್ಲ, ನೋಟುಬುಕ್ಕಿನಲ್ಲಿ ತನ್ನ ಹಳೆಯ ಸಹಿ ಹುಡುಕಿದ. ಸಿಕ್ಕ ಮೇಲೆ ಅದನ್ನು ಡ್ರಾಯರಿಗೆ ಹಾಕಿ ಕೀಲಿ ತಿರುವಿದ. “ಹೋಗಿ ಬನ್ನಿ ಅಮ್ಮ. ಸಿಹಿ ತಂದುಕೊಡೋಕೆ ಮರೀಬೇಡಿ,” ಎಂದ.

ಪರಿಶೀಲಕರು ಇಬ್ಬರು ಬಂದರು, ಒಬ್ಬ ಗಂಡಸು, ಒಬ್ಬ ಹೆಂಗಸು. ಗಂಡಸು ಮೂರು ದಿನ ಟೀ ಕುಡಿದು ಗೆರೆಯನ್ನು ಹೊಗಳಿದ. ಹೆಂಗಸು ಮಾತಾಡದೆ ತಿಂಗಳ ಪುಸ್ತಕಗಳನ್ನು ತರಿಸಿಕೊಂಡು ಒಂದೊಂದೇ ಬ್ಯಾಂಕನ್ನು ಬೆರಳಿಟ್ಟು ಓದಿದಳು. ಕಂಪ್ಯೂಟರಿಗೆ ಏರಿಸುವಾಗ ಹಳೆಯ ಕೈಬರಹದ, ಅಚ್ಚಿನ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಿದ್ದರಿಂದ, ಅವಳ ಮುಂದಿದ್ದದ್ದು ನಕ್ಷತ್ರವಿಲ್ಲದ ಹೊಸ ಅಚ್ಚು. ನಾಲ್ಕನೇ ದಿನ ನಕ್ಷತ್ರಮ್ಮನನ್ನು ಮುಖ್ಯಸ್ಥನ ಕೋಣೆಗೆ ಕರೆದರು. ಈ ಸಲ ಕೂರಲು ಯಾರೂ ಹೇಳಲಿಲ್ಲ.

“ಹನ್ನೊಂದು ವರ್ಷ ಒಂದೇ ಸಂಖ್ಯೆ,” ಎಂದಳು ಪರಿಶೀಲಕಿ. “ಸಾಲ ತಗೊಳ್ಳೋರೂ ಇಲ್ಲ, ತೀರಿಸೋರೂ ಇಲ್ಲ, ಬಡ್ಡಿನೂ ಬೆಳೆಯಲ್ಲ. ಇದೆಂಥ ಬ್ಯಾಂಕು?”

“ಮುಚ್ಚಿದ ಬ್ಯಾಂಕು ಮೇಡಂ.”

“ಮುಚ್ಚಿದ್ದು ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಗೊತ್ತಿದ್ದೂ ಸರಿಯಿದೆ ಅಂತ ಸಹಿ ಹಾಕಿದೀರಿ.”

ನಕ್ಷತ್ರಮ್ಮ ಮುಖ್ಯಸ್ಥನನ್ನು ನೋಡಿದಳು. ಅವನು ನೊಂದವನ ಮುಖ ಮಾಡಿಕೊಂಡು ಹಾಳೆ ತಿರುವುತ್ತಿದ್ದ. “ನಂಬಿದ್ವಿ ಮೇಡಂ. ಮೂವತ್ತು ವರ್ಷದವರು ಅಂತ ಕಣ್ಣು ಮುಚ್ಚಿ ನಂಬಿದ್ವಿ.”

“ಸಾರ್, ನೋಟುಬುಕ್ಕಲ್ಲಿ ನೀವೇ...”

“ಯಾವ ನೋಟುಬುಕ್ಕು ಅಮ್ಮ?” ಎಂದ ಅವನು, ಮೆಲ್ಲಗೆ, ಮಕ್ಕಳನ್ನು ಕೇಳುವ ಹಾಗೆ.

ಅವಳು ಕೀಲಿ ಹಾಕಿದ ಡ್ರಾಯರಿನತ್ತ ನೋಡಿದಳು. ಆದರೂ ಒಂದು ಆಸೆಯಿತ್ತು. “ಕಂಪ್ಯೂಟರ್ ಹುಡುಗೀನ ಕರೀರಿ. ಅವಳು ನೋಡಿದಾಳೆ. ನಕ್ಷತ್ರ ಇದ್ದಿದ್ದೂ ಅವಳಿಗೆ ಗೊತ್ತು.”

ಕರೆದರು. ಹುಡುಗಿ ಬಾಗಿಲ ಹತ್ತಿರವೇ ನಿಂತಳು. ಪರಿಶೀಲಕಿ ಕೇಳಿದ್ದಕ್ಕೆ, ನೆಲದ ಹಾಸುಗಲ್ಲಿನ ಗೆರೆ ನೋಡುತ್ತ, “ನನಗೆ ಕೊಟ್ಟಿದ್ದನ್ನ ಏರಿಸಿದೀನಿ ಮೇಡಂ. ನಕ್ಷತ್ರ ಗಿಕ್ಷತ್ರ ನೆನಪಿಲ್ಲ,” ಎಂದಳು.

ಹೊರಗೆ ಮೆಟ್ಟಿಲ ತಿರುವಿನಲ್ಲಿ ನಕ್ಷತ್ರಮ್ಮ ಅವಳ ರಟ್ಟೆ ಹಿಡಿದಳು. ಹುಡುಗಿ ಬಿಡಿಸಿಕೊಳ್ಳಲಿಲ್ಲ. “ನನಗೂ ಮಗು ಇದೆ ಅಕ್ಕಾ,” ಎಂದಳು. “ನಿಮಗೆ ಗೊತ್ತಲ್ಲ.” ಗೊತ್ತಿತ್ತು. ಬಾಗಿಲು ಕಾದವಳಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಸಿಬ್ಬಂದಿ ವಿಭಾಗದವನ ಮೇಜಿನಲ್ಲಿ ಉಳಿದ ಕತೆ ಮುಗಿಯಿತು. ಅವನು ಇಪ್ಪತ್ತು ಹಾಳೆಗಳ ತಾರೀಖನ್ನೂ ಹಾಜರಿ ಪುಸ್ತಕದ ಕೆಂಪು ಗೆರೆಯನ್ನೂ ಪಕ್ಕಪಕ್ಕ ಇಟ್ಟ.

“ಆ ದಿನ ನೀವು ನೌಕರಿಯಲ್ಲಿ ಇರಲಿಲ್ಲ. ಅಂದ್ರೆ ಹೊರಗಿನವರೊಬ್ಬರು ಒಳಗೆ ಬಂದು ದಾಖಲೆಗೆ ಸಹಿ ಹಾಕಿದ ಹಾಗಾಯ್ತು.”

“ನಾನು ಪ್ರತಿ ಸಲ ಬರ್ತಿದ್ದೆ ಸಾರ್. ಗೇಟಿನವನನ್ನ ಕೇಳಿ.”

“ಪ್ರತಿ ಸಲಾನಾ?” ಅವನು ಹುಬ್ಬೇರಿಸಿದ. “ಅದನ್ನ ಬೇರೆ ಯಾರ ಹತ್ರಾನೂ ಹೇಳಬೇಡಿ. ಮೂವತ್ತು ಸಲ ಅತಿಕ್ರಮ ಪ್ರವೇಶ ಆಗತ್ತೆ.”

“ವಿಚಾರಣೆ ಮಾಡಿ. ಎಲ್ಲಾರ ಮುಂದೆ ಹೇಳ್ತೀನಿ.”

“ವಿಚಾರಣೆ ನೌಕರರಿಗೆ ಅಮ್ಮ. ನೀವು ಅವತ್ತು ನೌಕರರೇ ಅಲ್ಲ, ಯಾರನ್ನ ವಿಚಾರಿಸೋದು? ಪೊಲೀಸಿಗೆ ಕೊಡ್ತಿಲ್ಲ, ಅದು ಮುಖ್ಯಸ್ಥರ ದೊಡ್ಡ ಮನಸ್ಸು. ಕಾಯಂ ಮಾಡೋ ಫೈಲನ್ನ ಪರಿಗಣಿಸೋಕೆ ಬರಲ್ಲ ಅಂತ ವಾಪಸ್ ಕಳಿಸಿದಾರೆ.”

ಬಾರದ ದಿನ ಬಂದು ಮಾಡಿದ ಬಿಟ್ಟಿ ಕೆಲಸವೇ ಅವಳ ಕುತ್ತಿಗೆಗೆ ಸುತ್ತಿಕೊಂಡಿತ್ತು. ಐವತ್ತೆಂಟು ತುಂಬಲು ಹನ್ನೆರಡು ದಿನ ಬಾಕಿಯಿತ್ತು. ಮರುದಿನ ಗೇಟಿನವನು ಅವಳನ್ನು ತಡೆದ. ಅಭ್ಯಾಸಬಲದಿಂದ, “ಇವತ್ತು ನೀವು ಇಲ್ಲ ಅಮ್ಮ,” ಎಂದವನು ಮಾತು ಅಲ್ಲಿಗೆ ನುಂಗಿ, ತನ್ನ ಬೂಟು ನೋಡಿಕೊಂಡ.

ಮನೆಯಲ್ಲಿ ಮಗಳು ಎರಡು ದಿನ ಹೊಲಿಗೆ ಯಂತ್ರಕ್ಕೆ ಗಿರಾಕಿ ಹುಡುಕಿದಳು. ಮೂರನೇ ದಿನ, “ಸುಳ್ಳು ಹೇಳೋದಕ್ಕೂ ಯೋಗ್ಯತೆ ಬೇಕು ಅಮ್ಮ,” ಎಂದಳು. ಸಹಿ ಹಾಕೆಂದು ದೂಡಿದವಳು ತಾನೇ ಎಂಬುದು ಅವಳಿಗೆ ನೆನಪಿತ್ತೋ ಇಲ್ಲವೋ. ವಾರದಲ್ಲಿ ಹೊಲಿಗೆ ಯಂತ್ರ ಮಾರಿದರು.

ಎರಡು ತಿಂಗಳ ಮೇಲೆ ಕಚೇರಿಯಿಂದ ಫೋನು ಬಂತು. ಕಂಪ್ಯೂಟರ್ ಹುಡುಗಿಯ ದನಿ. “ಅಕ್ಕಾ, ಸಂಪುಟ ಅಚ್ಚಿಗೆ ಹೋಗ್ತಿದೆ. ಸಾಲದ ಸಾಲಿನ ಪ್ರೂಫು ನೋಡೋಕೆ ಯಾರಿಗೂ ಬರಲ್ಲ. ಒಂದು ದಿನ ಬರ್ತೀರಾ? ದಿನಗೂಲಿ ಕೊಡ್ತಾರಂತೆ.”

ಹೋಗಬಾರದೆಂದು ಮಗಳು ಹೇಳಲಿಲ್ಲ. ಹಾಲಿನ ಪುಡಿಯ ಡಬ್ಬಿಯನ್ನು ಮೇಜಿನ ಮೇಲೆ ಕಾಣುವ ಹಾಗೆ ಇಟ್ಟಳು, ಅಷ್ಟೆ.

ಅವಳನ್ನು ಕೂರಿಸಿದ್ದು ಕಿಟಕಿಯ ಪಕ್ಕದ ಮೇಜಿಗಲ್ಲ, ಕಡತದ ಕೋಣೆಯಲ್ಲಿ ಒಂದು ಸ್ಟೂಲಿನ ಮೇಲೆ. ಕ್ಯಾಂಟೀನಿನವನು ಟೀ ತಂದಿಟ್ಟು, ಛೇಡಿಸದೆ ಹೋದ. ಕಿಟಕಿ ಮೇಜಿನಲ್ಲಿ ಕಂಪ್ಯೂಟರ್ ಹುಡುಗಿ ಕೂತಿದ್ದಳು. ಅವಳನ್ನು ಕಾಯಂ ಮಾಡುವ ಫೈಲು ಮೇಲೆ ಹೋಗಿದೆಯೆಂದೂ, ಸಂಪುಟ ಹೊರಬಂದ ದಿನವೇ ಆದೇಶವೆಂದೂ ಟೀ ಲೋಟ ಒಯ್ಯಲು ಮತ್ತೆ ಬಂದವನು ಪಿಸುಗುಟ್ಟಿದ. ಮುಖ್ಯಸ್ಥನಿಗಂತೂ ಬಡ್ತಿ ಆಗಿಹೋಗಿತ್ತು. ಹಳೆಯ ತಪ್ಪನ್ನು ಮುಚ್ಚಿಡದೆ ತಿದ್ದಿದ ಪ್ರಾಮಾಣಿಕತೆಗೆ ಪರಿಶೀಲಕರು ಬೆನ್ನು ತಟ್ಟಿದ್ದರಂತೆ.

ನಕ್ಷತ್ರಮ್ಮ ಪೆನ್ಸಿಲ್ ಚೂಪು ಮಾಡಿಕೊಂಡು ಓದಿದಳು. ಬಗ್ಗಬೇಕಾದ ವರ್ಷ ಗೆರೆ ಬಗ್ಗಿತ್ತು: 9,47,234. ಗಂಡನ ಬ್ಯಾಂಕು ಕೊನೆಗೂ ಸತ್ತಿತ್ತು. ಆ ಸಂಖ್ಯೆಯ ಪಕ್ಕದಲ್ಲಿ ಒಂದು ನಕ್ಷತ್ರ. ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಅದರ ವಿವರಣೆ: ‘ಸಂಕಲನ ಮಾಡಿದ ಹಂಗಾಮಿ ಗುಮಾಸ್ತೆಯ ದೋಷದಿಂದ ಈ ವರ್ಷಗಳ ಮೊತ್ತ ಹೆಚ್ಚಾಗಿ ಅಚ್ಚಾಗಿತ್ತು. ಈಗ ಸರಿಪಡಿಸಲಾಗಿದೆ.’ ಮೂವತ್ತೊಂದು ವರ್ಷದಲ್ಲಿ ಅಚ್ಚಿನ ಪುಸ್ತಕದೊಳಗೆ ಅವಳ ಪ್ರಸ್ತಾಪ ಬಂದದ್ದು ಇದೊಂದೇ ಕಡೆ. ಅದನ್ನು ಎರಡು ಸಲ ಓದಿದಳು. ಅಕ್ಷರದ ತಪ್ಪೇನೂ ಇರಲಿಲ್ಲ.

ಮುಂದಿನ ಸಾಲುಗಳನ್ನು ಬೆರಳಿಟ್ಟು ಇಳಿಯುತ್ತ ಹೋದಳು. ಎರಡನೇ ವರ್ಷ, ಮೂರನೇ ವರ್ಷ, ಒಂದೊಂದರಲ್ಲೂ 41,306 ಕಳೆದಿದೆ, ಸರಿ. ಹನ್ನೊಂದನೇ ವರ್ಷ, ಸರಿ. ಹನ್ನೆರಡನೇ ವರ್ಷದ ಮೇಲೆ ಬೆರಳು ನಿಂತಿತು. ಅಲ್ಲೂ 41,306 ಕಳೆದಿದ್ದಾರೆ. ಗೆಜೆಟ್ ಬಂದ ವರ್ಷವದು. ಆ ವರ್ಷ ಅವಳೇ ಹದಿನಾಲ್ಕನೇ ಬ್ಯಾಂಕನ್ನು ತೆಗೆದಿದ್ದಳು. ಇಲ್ಲದ್ದನ್ನು ಮತ್ತೊಮ್ಮೆ ಕಳೆದಿದ್ದರು. ಕೂಡಿ ನೋಡಿದಳು, ಕಳೆದು ನೋಡಿದಳು. ಸಂಶಯವಿರಲಿಲ್ಲ.

ಪುಟದ ಕೊನೆಗೆ, ತಿದ್ದಿದವರ ಜಾಗದಲ್ಲಿ, ದುಂಡನೆಯ ಪುಟ್ಟ ಸಹಿ. ಅದರ ಕೆಳಗೆ ತಾರೀಖು, ಅವಳು ಕಲಿಸಿಕೊಟ್ಟ ಹಾಗೆಯೇ. ಮುಖ್ಯಸ್ಥನ ಸಹಿ ಯಾವ ಹಾಳೆಯಲ್ಲೂ ಇರಲಿಲ್ಲ. ಎಂದೂ ಇರುವುದಿಲ್ಲ.

ಹೊಸ ಸಂಪುಟವನ್ನು ಮೊದಲು ಓದುವವಳು ಆ ಪರಿಶೀಲಕಿ. ಬೆರಳಿಟ್ಟು ಓದುವವಳು.

ನಕ್ಷತ್ರಮ್ಮ ಪೆನ್ಸಿಲಿನ ಮೊನೆಯನ್ನು ಆ ಸಂಖ್ಯೆಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಹಿಡಿದಳು. ಆಮೇಲೆ ಪುಟದ ಮೇಲ್ಗಡೆ ಒಂದು ಸರಿ ಗುರುತು ಹಾಕಿ, ತಿರುವಿದಳು. ಗುರುತಿನ ಕೆಳಗೆ ಸಹಿಯನ್ನೂ ಹಾಕಲಿಲ್ಲ, ತಾರೀಖನ್ನೂ ಹಾಕಲಿಲ್ಲ.

ನಾಲ್ಕು ಗಂಟೆಗೆ ಹುಡುಗಿ ಹಣದ ಲಕೋಟೆ ಹಿಡಿದು ಬಂದಳು. ಇನ್ನೊಂದು ಕೈಯಲ್ಲಿ ಮೊಬೈಲು.

“ನೋಡಿ ಅಕ್ಕಾ, ಎರಡು ವರ್ಷ ತುಂಬ್ತು ಇವನಿಗೆ. ನಿನ್ನೆ ತೆಗೆದಿದ್ದು. ಬಾಯಿ ತುಂಬ ಹಲ್ಲು.” ತೋರಿಸಿ, ತಡೆದು, “ನಿಮಗೆ ನನ್ನ ಮೇಲೆ ಸಿಟ್ಟಿಲ್ಲ ತಾನೇ?” ಎಂದಳು.

“ಚೆನ್ನಾಗಿದಾನೆ,” ಎಂದಳು ನಕ್ಷತ್ರಮ್ಮ, ಲಕೋಟೆಯೊಳಗಿನ ನೋಟು ಎಣಿಸುತ್ತ. ಹಾಲಿನ ಪುಡಿ ಎರಡು ಡಬ್ಬಿಗೆ ಸಾಲುತ್ತಿತ್ತು. “ದೃಷ್ಟಿಯಾದೀತು, ಎಲ್ಲರಿಗೂ ತೋರಿಸ್ಬೇಡ.”

“ಪ್ರೂಫು ನೋಡಿದ್ರಾ? ನನಗೆ ಆ ಹನ್ನೊಂದು-ಹನ್ನೆರಡನೇ ವರ್ಷದ ಹತ್ರ ಸ್ವಲ್ಪ ಅನುಮಾನ ಇತ್ತು. ನೀವಿದೀರಲ್ಲ ಅಂತ ಧೈರ್ಯ. ಎಲ್ಲ ಸರಿಯಿದೆಯಾ ಅಕ್ಕಾ?”

ನಕ್ಷತ್ರಮ್ಮ ಲಕೋಟೆ ಮಡಿಸಿ ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಹುಡುಗಿಯ ಕೆನ್ನೆಯ ಮೇಲೆ ಅಂಟಿದ್ದ ಕಾಗದದ ಚೂರನ್ನು ಬೆರಳಿನಿಂದ ತೆಗೆದಳು.

“ಸರಿಯಿದೆ ಕಣೇ,” ಎಂದಳು. “ಕಳಿಸು ಅಚ್ಚಿಗೆ.”